ತಂಬೂರಿಯ ದಾರ, ಗಿಟಾರಿನ ಪೆಡಲು: ‘ಶಬ್ದದ ಗುಣ’ ಕಲಿಸಲು ಹೋಗಿ ಕಲಿತದ್ದು

ತರಗತಿ: 9. ವಿಷಯ: ವಿಜ್ಞಾನ. ಘಟಕ: ಶಬ್ದ. ಅವಧಿ: 40 ನಿಮಿಷದ ಮೂರು ಪಾಠಗಳು.

ಶಾಲಾ ಇಂಟರ್ನ್‌ಶಿಪ್ಪಿಗೆ ನಮ್ಮ ತಂಡದವರನ್ನು ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಿಗೆ ಹಂಚಿದ್ದರು. ನನ್ನ ಪಾಲಿಗೆ ಬಂದದ್ದು ಶಿಗ್ಗಾಂವಿ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಮೊದಲ ದಿನ ಬಸ್ಸಿಳಿಯುವಾಗ ನನ್ನ ಚೀಲದಲ್ಲಿ ಪಾಠಯೋಜನೆಯ ಪುಸ್ತಕದ ಜೊತೆ ಮೂರು ಲೋಹದ ಡಬ್ಬಿಗಳಿದ್ದವು. ಬೆನ್ನ ಮೇಲೆ ಗಿಟಾರು, ಕೈಯಲ್ಲಿ ಬ್ಯಾಟರಿಯಿಂದ ನಡೆಯುವ ಸಣ್ಣ ಆಂಪ್ಲಿಫೈಯರು. ಆ ಡಬ್ಬಿಗಳೇ ಎಫೆಕ್ಟ್ಸ್ ಪೆಡಲುಗಳು. ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ವಿದ್ಯುತ್ ಸಂಕೇತವನ್ನು ನಡುದಾರಿಯಲ್ಲಿ ಹಿಡಿದು ಬದಲಾಯಿಸುವ ಸಾಧನಗಳಿವು. ಕೈ ತಂತಿಯ ಮೇಲಿರುತ್ತದೆ, ಆದ್ದರಿಂದ ಕಾಲಿನಿಂದ ಒತ್ತುವುದು. ನನ್ನ ಬಳಿ ಇದ್ದವು ಡಿಸ್ಟಾರ್ಷನ್, ಡಿಲೇ ಮತ್ತು ವಾ.

ನನಗೆ ಈಗ ಹಿಡಿಸಿರುವ ಹಾಡುಗಳ ಪಟ್ಟಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಪಾಠ ಹುಟ್ಟಿದ್ದೂ ಕೆಟ್ಟದ್ದೂ ಅಲ್ಲಿಂದಲೇ. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರಿನೊಂದಿಗೆ ಹಾಡಿರುವವು ದಿನಕ್ಕೊಮ್ಮೆಯಾದರೂ ಬೇಕು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಿ. ಅಶ್ವಥ್ ಮಾಡಿದ ಸಂಗೀತ ಬೇಕು. ಇಂಗ್ಲಿಷಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 1965ರ ‘ಸ್ಯಾಟಿಸ್‌ಫ್ಯಾಕ್ಷನ್’; ಅದರ ಆರಂಭದ ಗಿಟಾರಿನಲ್ಲಿ ಕೇಳುವುದು ಫಝ್ ಪೆಡಲಿನ ಸದ್ದು. ಯು2 ತಂಡದ ಗಿಟಾರ್ ವಾದಕ ಡಿಲೇ ಬಳಸುವ ರೀತಿಯಂತೂ ನನ್ನ ಹುಚ್ಚು. ‘ಶಬ್ದ’ ಘಟಕ ನನಗೆ ಬಂದಾಗ ಇವೆಲ್ಲ ಕಲಿಕೋಪಕರಣಗಳಾಗಿ ಕಂಡವು. ಮಕ್ಕಳಿಗೆ ಏನಾಗಿ ಕಾಣಬಹುದು ಎಂದು ನಾನು ಯೋಚಿಸಲಿಲ್ಲ.

ಮೊದಲ ಪಾಠ

ಸ್ಥಾಯಿ, ಗಟ್ಟಿತನ, ಗುಣ ಎಂಬ ಮೂರು ಲಕ್ಷಣಗಳಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಮೊದಲ ಎರಡನ್ನು ಚೆನ್ನಾಗಿ ಕಲಿಸುತ್ತೇವೆ. ಸ್ಥಾಯಿಗೆ ಆವೃತ್ತಿ ಇದೆ, ಗಟ್ಟಿತನಕ್ಕೆ ಪಾರ ಇದೆ; ಹಲಗೆಯ ಮೇಲೆ ಚಿತ್ರ ಬರೆಯಬಹುದು. ಗುಣಕ್ಕೆ ಬಂದಾಗ ‘ಒಂದೇ ಸ್ಥಾಯಿ, ಒಂದೇ ಗಟ್ಟಿತನವಿರುವ ಎರಡು ಶಬ್ದಗಳನ್ನು ಬೇರೆಯಾಗಿ ಗುರುತಿಸಲು ನೆರವಾಗುವ ಲಕ್ಷಣ’ ಎಂದು ಬರೆಸಿ ಮುಂದೆ ಹೋಗುತ್ತೇವೆ. ಶ್ರುತಿಕವೆಯಿಂದ ಇದನ್ನು ತೋರಿಸಲು ಬರುವುದಿಲ್ಲ, ಅದರ ಸದ್ದು ಹೆಚ್ಚುಕಡಿಮೆ ಒಂದೇ ಆವೃತ್ತಿಯದು. ಡಿಸ್ಟಾರ್ಷನ್ ಪೆಡಲು ಈ ಕೊರತೆ ತುಂಬುತ್ತದೆ ಎಂಬುದು ನನ್ನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ವೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ನಾನು ಒಂದು ಪದದ ಧಾಟಿಯನ್ನು ಮೊದಲು ಪೆಡಲಿಲ್ಲದೆ, ಆಮೇಲೆ ಪೆಡಲು ಒತ್ತಿ ನುಡಿಸಿದೆ. ತರಗತಿ ಎದ್ದು ಕುಣಿಯುವುದೊಂದು ಬಾಕಿ. “ಏನು ಬದಲಾಯಿತು?” ಎಂದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ “ಸೌಂಡ್ ಜಾಸ್ತಿ ಆತ್ರೀ ಸರ್!” ಎಂದಿತು. “ಅದಲ್ಲ” ಎಂದೆ. ಮತ್ತೆ ನುಡಿಸಿದೆ. ಮತ್ತೆ ಅದೇ ಉತ್ತರ. ಕೊನೆಗೆ ನಾನೇ ಹಲಗೆಯ ಮೇಲೆ ‘ಗುಣ’ ಎಂದು ಬರೆದು ವ್ಯಾಖ್ಯೆ ಓದಿದೆ.

ಆಗ ಕಿಟಕಿಯ ಪಕ್ಕದ ಹುಡುಗನೊಬ್ಬ ಕೈ ಎತ್ತಿದ. “ಸರ್, ನಮ್ಮಜ್ಜನ ತಂಬೂರಿನೂ ಹಿಂಗ ಝುಂಯ್ ಅಂತೈತ್ರಿ. ಅದಕ್ಕ ಕರೆಂಟ್ ಬೇಕಾಗೂದಿಲ್ರಿ.” ತರಗತಿ ನಕ್ಕಿತು. ನಾನೂ ನಕ್ಕೆ. “ಅದು ಬೇರೆ ಕಣಪ್ಪ, ಇದು ಬೇರೆ” ಎಂದು ಕೂರಿಸಿದೆ. ಆ ಅವಧಿಯಲ್ಲಿ ಅವನು ಮತ್ತೆ ಕೈ ಎತ್ತಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ಬಂದ ಟಿಪ್ಪಣಿ ಚಿಕ್ಕದು: ಪೆಡಲು ಒತ್ತಿದಾಗ ಗುಣದ ಜೊತೆ ಗಟ್ಟಿತನವೂ ಬದಲಾಗಿದೆ, ಎರಡು ಚರಗಳನ್ನು ಒಟ್ಟಿಗೆ ಬದಲಿಸಿದ್ದೀರಿ, ಮಕ್ಕಳು ಕೇಳಿದ್ದನ್ನೇ ಹೇಳಿದ್ದಾರೆ. ಭೌತಶಾಸ್ತ್ರದ ಪದವೀಧರನಿಗೆ ಇದಕ್ಕಿಂತ ನಾಚಿಕೆ ಬೇಕೆ? ಪೆಡಲಿನ ಮೇಲೆ ‘ಲೆವೆಲ್’ ಎಂಬ ತಿರುಪು ಇರುವುದೇ ಗಟ್ಟಿತನವನ್ನು ಸಮ ಮಾಡಲು. ಮನೆಯಲ್ಲಿ ನುಡಿಸುವಾಗ ಅದನ್ನು ಯಾವಾಗಲೂ ಏರಿಸಿಯೇ ಇಡುವ ಚಟ ನನ್ನದು.

ಚಟದ ವಿಷಯ ಸರಿಪಡಿಸಬಹುದಿತ್ತು. ರಾತ್ರಿ ನಿದ್ದೆ ಕೆಡಿಸಿದ್ದು ಆ ತಂಬೂರಿ. ಶರೀಫರ ಗದ್ದುಗೆ ಇದೇ ತಾಲೂಕಿನಲ್ಲಿದೆ. ತಂಬೂರಿಯನ್ನೇ ಕುರಿತು ಶರೀಫರದೊಂದು ಪದವಿದೆ, ಅದು ನನ್ನ ಮೊಬೈಲಿನ ಪಟ್ಟಿಯಲ್ಲೂ ಇದೆ. ಆ ಊರಿನ ಹುಡುಗನಿಗೆ ‘ತಂಬೂರಿ ಬೇರೆ’ ಎಂದು ಹೇಳಿ ಬಂದಿದ್ದೆ, ಬೇರೆ ಹೌದೋ ಅಲ್ಲವೋ ನೋಡದೆಯೇ.

ಹುಡುಗ ಹೇಳಿದ್ದು ಸರಿ

ತಂಬೂರಿಯ ಕುದುರೆ ಗಿಟಾರಿನದರಂತೆ ಚೂಪಲ್ಲ, ಅಗಲವಾಗಿ ತುಸು ಇಳಿಜಾರಾಗಿರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ಎಳೆ ದಾರ ಸೇರಿಸುತ್ತಾರೆ. ಜೀವಾಳಿ ಎಂದೂ ಜವಾರಿ ಎಂದೂ ಹೇಳುವುದುಂಟು. ದಾರ ಸರಿಯಾದ ಜಾಗದಲ್ಲಿ ಕುಳಿತರೆ, ಕಂಪಿಸುವ ತಂತಿ ಪ್ರತಿ ಕಂಪನದಲ್ಲೂ ಕುದುರೆಯ ಮೈಯನ್ನು ಸವರಿಕೊಂಡು ಹೋಗುತ್ತದೆ. ಇದರಿಂದ ಮೂಲ ಆವೃತ್ತಿಯ ಎರಡು, ಮೂರು, ನಾಲ್ಕು ಪಟ್ಟಿನ ಆವೃತ್ತಿಗಳು, ಅಂದರೆ ಉಪಸ್ವರಗಳು, ಬಲವಾಗಿ ಎದ್ದು ಕೇಳುತ್ತವೆ. ಹುಡುಗನ ಕಿವಿಗೆ ಬಿದ್ದ ‘ಝುಂಯ್’ ಅದೇ.

ಇದನ್ನು ಸಿ. ವಿ. ರಾಮನ್ 1921ರಲ್ಲೇ ಬರೆದಿದ್ದರು. ತಂತಿಯನ್ನು ಸರಿಯಾಗಿ ಮಧ್ಯದಲ್ಲಿ ಮೀಟಿದರೆ ಎರಡು, ನಾಲ್ಕು, ಆರು ಪಟ್ಟಿನ ಉಪಸ್ವರಗಳು ಹುಟ್ಟಬಾರದು, ಏಕೆಂದರೆ ಅವಕ್ಕೆ ಮಧ್ಯಬಿಂದು ನಿಶ್ಚಲ ಜಾಗ. ಇದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮ. ವೀಣೆ ಮತ್ತು ತಂಬೂರಿಯಲ್ಲಿ ಹುಟ್ಟಬಾರದ ಆ ಉಪಸ್ವರಗಳೂ ಜೋರಾಗಿ ಕೇಳುತ್ತವೆ, ಕಾರಣ ಆ ಅಗಲ ಕುದುರೆ ಎಂದು ರಾಮನ್ ತೋರಿಸಿದರು. ಬೆಳಕಿನ ಚದರುವಿಕೆಗೆ 1930ರಲ್ಲಿ ನೊಬೆಲ್ ಬಂದದ್ದನ್ನು ನಾವು ಎಲ್ಲ ಮಕ್ಕಳಿಗೂ ಹೇಳುತ್ತೇವೆ. ಅದಕ್ಕೂ ಮೊದಲಿನ ಈ ಕೆಲಸವನ್ನು ಶಬ್ದದ ಪಾಠದಲ್ಲಿ ಯಾರೂ ನನಗೆ ಹೇಳಿದ್ದಿಲ್ಲ.

ಡಿಸ್ಟಾರ್ಷನ್ ಪೆಡಲು ಮಾಡುವುದೇನು? ಸಂಕೇತವನ್ನು ಹಿಗ್ಗಿಸಿ, ಒಂದು ಮಿತಿಯಾಚೆಗಿನ ತಲೆಯನ್ನು ಕತ್ತರಿಸುತ್ತದೆ. ದುಂಡಗಿನ ಅಲೆ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೊದಲಿಲ್ಲದ ಉಪಸ್ವರಗಳು ಸೇರಿರುತ್ತವೆ. ಪೆಡಲಿನಲ್ಲಿ ವಿದ್ಯುತ್ತಿಗೆ ಮಿತಿ ಅಡ್ಡ ಬರುತ್ತದೆ, ತಂಬೂರಿಯಲ್ಲಿ ತಂತಿಗೆ ಕುದುರೆ ಅಡ್ಡ ಬರುತ್ತದೆ. ದಾರಿ ಬೇರೆ, ಫಲ ಒಂದೇ ಜಾತಿಯದು. ಇನ್ನೊಂದು ಸಂಗತಿ: ಪೆಡಲಿನ ಈ ಸದ್ದು ಹುಟ್ಟಿದ್ದು ಒಂದು ಕೆಟ್ಟುಹೋದ ಉಪಕರಣದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡು ಧ್ವನಿಮುದ್ರಣ ಮಾಡುವಾಗ ಮಿಕ್ಸಿಂಗ್ ಯಂತ್ರದ ಒಂದು ಭಾಗ ಕೆಟ್ಟು ಗಿಟಾರು ಗೊರಗೊರ ಎಂದಿತು. ಆ ಹಾಡು 1961ರಲ್ಲಿ ಹಾಗೆಯೇ ಹೊರಬಂತು, ಜನ ಮೆಚ್ಚಿದರು. ಅಲ್ಲಿನ ಧ್ವನಿ ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಗೊರಗೊರವನ್ನೇ ಬೇಕೆಂದಾಗ ಹುಟ್ಟಿಸುವ ಸಾಧನ ರೂಪಿಸಿದರು. 1962ರಲ್ಲಿ ಅದು ಮಾರುಕಟ್ಟೆಗೆ ಬಂತು. ‘ಸ್ಯಾಟಿಸ್‌ಫ್ಯಾಕ್ಷನ್’ನಲ್ಲಿ ಕೇಳುವುದು ಆ ಮೇಸ್ಟ್ರೋ ಫಝ್-ಟೋನ್ ಪೆಡಲೇ.

ಮರುದಿನ ತರಗತಿಗೆ ಹೋದವನೇ ಮೊದಲು “ನಿನ್ನೆ ಅವನು ಹೇಳಿದ್ದು ಸರಿ ಇತ್ತು, ನಾನು ಹೇಳಿದ್ದು ತಪ್ಪು” ಎಂದೆ. ಅವನನ್ನೇ ಕೇಳಿದೆ: “ಅಜ್ಜಾರು ಶಾಲೆಗೆ ಬರ್ತಾರೇನು?”

ಎರಡನೆಯ ಪಾಠ

ಅಜ್ಜ ಬಂದರು. ಶ್ರಾವಣದಲ್ಲಿ ಭಜನೆಗೆ ನುಡಿಸುವ ತಂಬೂರಿಯನ್ನು ಹಳೆಯ ಧೋತರದಲ್ಲಿ ಸುತ್ತಿ ತಂದಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ, “ಹುಡುಗ್ರ ಜೋಡಿ ಕೂಡ್ತೀನಿ ಬಿಡ್ರಿ ಸರ್” ಎಂದು ಚಾಪೆಯ ಮೇಲೇ ಕುಳಿತರು.

ಈ ಸಲ ಚರ ಒಂದೇ. ಮೊದಲು ಗಿಟಾರಿನ ಎ ತಂತಿ, 110 ಹರ್ಟ್ಸ್. ಪೆಡಲಿನ ಲೆವೆಲ್ ತಿರುಪನ್ನು ಇಳಿಸಿ, ಒತ್ತಿದಾಗಲೂ ಬಿಟ್ಟಾಗಲೂ ಗಟ್ಟಿತನ ಒಂದೇ ಎಂದು ಮಕ್ಕಳೇ ಒಪ್ಪುವವರೆಗೆ ಹೊಂದಿಸಿದೆ. “ಸ್ಥಾಯಿ ಬದಲಾಯಿತೇ?” ಇಲ್ಲ. “ಗಟ್ಟಿತನ?” ಇಲ್ಲ. “ಮತ್ತೆ?” ಸ್ವಲ್ಪ ಹೊತ್ತು ಸುಮ್ಮನಿದ್ದು ಒಬ್ಬ ಹುಡುಗಿ, “ದನಿ ಖರಕರ ಆತ್ರಿ” ಎಂದಳು. ಆ ‘ಖರಕರ’ವನ್ನೇ ಹಲಗೆಯ ಮೇಲೆ ಬರೆದೆ. ವ್ಯಾಖ್ಯೆ ಅದರ ಕೆಳಗೆ ಬಂತು.

ಆಮೇಲೆ ಫೈಫಾಕ್ಸ್ ಎಂಬ ಉಚಿತ ಆ್ಯಪ್. ಮೊಬೈಲಿನ ಮೈಕಿಗೆ ಬಂದ ಶಬ್ದದಲ್ಲಿ ಯಾವ ಯಾವ ಆವೃತ್ತಿಗಳಿವೆ ಎಂದು ಗೋಪುರಗಳಂತೆ ತೋರಿಸುತ್ತದೆ. ಗಿಟಾರಿನ ತಂತಿಯನ್ನು ಮಧ್ಯದಲ್ಲಿ, ಹನ್ನೆರಡನೆಯ ಮನೆಯ ಮೇಲೆ, ಮೀಟಿದಾಗ 110ರ ಗೋಪುರ ಎತ್ತರ, 220ರದು ಗಿಡ್ಡ. ಅಜ್ಜನ ತಂಬೂರಿಯನ್ನು ದಾರ ಸರಿಸಿ ಮೀಟಿಸಿದೆ. ಸದ್ದು ಮೊಂಡ, ಗೋಪುರಗಳು ಕೆಲವೇ. ಅಜ್ಜ ದಾರವನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಕಿವಿ ಹತ್ತಿರ ತಂದು ಮತ್ತೆ ಮೀಟಿದರು. ಪರದೆಯ ಮೇಲೆ ಗೋಪುರಗಳ ಸಾಲು ಎದ್ದಿತು. ಮಕ್ಕಳು ಮೊಬೈಲಿನ ಮೇಲೆ ಮುಗಿಬಿದ್ದರು. ಅಜ್ಜ ಪರದೆ ನೋಡಲೂ ಇಲ್ಲ. “ದಾರ ಸರಿ ಕುಂತಿಲ್ಲಂದ್ರ ತಂಬೂರಿ ಮಾತಾಡಂಗಿಲ್ರಿ” ಎಂದರು.

ಹಾನಗಲ್ಲ ತಾಲೂಕಿನಲ್ಲಿದ್ದ ಸಹಪಾಠಿ ಇದೇ ಪಾಠಕ್ಕೆ ಬೇರೆ ಪ್ರವೇಶ ಮಾಡಿಕೊಂಡರು. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹುಟ್ಟಿದ ತಾಲೂಕು ಅದು, ಇಬ್ಬರಿಗೂ ಕಣ್ಣಿರಲಿಲ್ಲ. ಮಕ್ಕಳು ಕಣ್ಣು ಮುಚ್ಚಿ, ಒಂದೇ ಸ್ವರಕ್ಕೆ ಹೊಂದಿಸಿದ ಹಾರ್ಮೋನಿಯಂ, ಕೊಳಲು ಮತ್ತು ಗೆಳೆಯನ ದನಿಯನ್ನು ಗುರುತಿಸುವ ಚಟುವಟಿಕೆ. ಖರ್ಚಿಲ್ಲ, ಕರೆಂಟು ಬೇಡ. ನನ್ನ ಪಾಠಕ್ಕಿಂತ ಇದೇ ಒಳ್ಳೆಯ ಪೀಠಿಕೆ ಎಂದು ಈಗಲೂ ಅನ್ನಿಸುತ್ತದೆ. ಸವಣೂರಿನಲ್ಲಿದ್ದವರು ಟಿಫಿನ್ ಡಬ್ಬಿಗೆ ರಬ್ಬರ್ ಬ್ಯಾಂಡ್ ಬಿಗಿದು, ಅದಕ್ಕೆ ತಾಗಿಯೂ ತಾಗದಂತೆ ಕಾಗದದ ಚೂರು ಹಿಡಿಸಿ ‘ಝುಂಯ್’ ತರಿಸಿದರು. ಕಾಗದವನ್ನು ಗಟ್ಟಿಯಾಗಿ ಒತ್ತಿದರೆ ಸದ್ದು ಸತ್ತುಹೋಗುತ್ತದೆ, ಸವರಬೇಕು ಅಷ್ಟೆ.

68 ಮೀಟರಿನ ಪ್ರಶ್ನೆ

ಮೂರನೆಯ ಪಾಠ ಪ್ರತಿಧ್ವನಿ. ಡಿಲೇ ಪೆಡಲನ್ನು 0.4 ಸೆಕೆಂಡಿಗೆ ಇಟ್ಟು ಒಂದು ಸ್ವರ ಮೀಟಿದೆ. ಅದು ತಡವಾಗಿ ಮರಳಿ ಕೇಳಿತು. ಶಬ್ದದ ವೇಗ ಸೆಕೆಂಡಿಗೆ 344 ಮೀಟರ್ ಎಂದರೆ ಇಷ್ಟು ತಡವಾಗಿ ಮರಳಲು ಗೋಡೆ ಎಷ್ಟು ದೂರವಿರಬೇಕು? ಮಕ್ಕಳು ಲೆಕ್ಕ ಮಾಡಿ 68.8 ಮೀಟರ್ ಎಂದರು. ನಾನು ಬೀಗುತ್ತಿರುವಾಗಲೇ ಪ್ರಶ್ನೆ ಬಂತು: “ಸರ್, ಇಷ್ಟ ಸಣ್ಣ ಡಬ್ಬ್ಯಾಗ 68 ಮೀಟರ್ ಹ್ಯಾಂಗ ಹಿಡಸ್ತೈತ್ರಿ?”

ಪ್ರತಿಧ್ವನಿಯ ಪಾಠಕ್ಕೆ ಡಿಲೇ ಪೆಡಲು ತರುವವರು ಈ ಪ್ರಶ್ನೆಗೆ ಸಿದ್ಧರಿರಬೇಕು. ಇಲ್ಲದಿದ್ದರೆ ಡಬ್ಬಿಯೊಳಗೆ ಶಬ್ದ ಎಲ್ಲೋ ಬಡಿದು ಬರುತ್ತದೆ ಎಂಬ ತಪ್ಪು ಕಲ್ಪನೆಯನ್ನು ನಾವೇ ಬಿತ್ತಿದಂತೆ. ಅಲ್ಲಿ ಪ್ರತಿಫಲನವೇ ಇಲ್ಲ. ಹಳೆಯ ಬಗೆಯ ಪೆಡಲಿನಲ್ಲಿ ಸಾಲಾಗಿ ನಿಂತ ಸಾವಿರಾರು ಪುಟ್ಟ ಧಾರಕಗಳಿರುತ್ತವೆ. ಸಂಕೇತದ ಒಂದೊಂದು ತುಣುಕು ಒಂದರಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. 1969ರಲ್ಲಿ ಫಿಲಿಪ್ಸ್ ಸಂಶೋಧನಾಲಯದ ಸ್ಯಾಂಗ್‌ಸ್ಟರ್ ಮತ್ತು ಟೀರ್ ರೂಪಿಸಿದ ವಿಧಾನವಿದು. ನನ್ನದು ಡಿಜಿಟಲ್: ಸಂಕೇತವನ್ನು ಅಂಕಿಗಳಾಗಿ ಬರೆದಿಟ್ಟುಕೊಂಡು ತಡವಾಗಿ ಓದುತ್ತದೆ.

ಮಕ್ಕಳಿಗೆ ಹೇಳಿದ್ದು ಹೀಗೆ. ಮನೆಗೆ ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟಿನ ಬುಟ್ಟಿ ಕೈಯಿಂದ ಕೈಗೆ ಹೋಗುವುದನ್ನು ಎಲ್ಲರೂ ನೋಡಿದ್ದಾರೆ. ಇಪ್ಪತ್ತು ಮಕ್ಕಳನ್ನು ವರಾಂಡದಲ್ಲಿ ಸಾಲು ನಿಲ್ಲಿಸಿ, ನನ್ನ ಪ್ರತಿ ಚಪ್ಪಾಳೆಗೆ ಒಂದು ಕೈ ದಾಟುವಂತೆ ಕಂಪಾಸ್ ಪೆಟ್ಟಿಗೆ ಸಾಗಿಸಿದೆವು. ಚಪ್ಪಾಳೆ ನಿಧಾನವಾದರೆ ಪೆಟ್ಟಿಗೆ ತಡವಾಗಿ ತಲುಪುತ್ತದೆ, ಸಾಲಿನ ಉದ್ದ ಅಷ್ಟೇ ಇದ್ದರೂ. ಪ್ರಶ್ನೆ ಕೇಳಿದವನೇ “ಓ, ದೂರ ಇಲ್ರೀ, ತಡ ಅಷ್ಟ” ಎಂದ. ಆಮೇಲೆ ಎಲ್ಲರನ್ನೂ ಮೈದಾನದ ಆ ತುದಿಗೆ ಕರೆದುಕೊಂಡು ಹೋಗಿ, ಶಾಲೆಯ ಗೋಡೆಗೆ ಎದುರಾಗಿ ಚಪ್ಪಾಳೆ ತಟ್ಟಿಸಿ ನಿಜವಾದ ಪ್ರತಿಧ್ವನಿ ಕೇಳಿಸಿದೆ. ಮೊದಲೇ ಕೇಳಿಸಬೇಕಿತ್ತು: ನಿಜವಾದದ್ದು ಮೊದಲು, ಅದರ ಅನುಕರಣೆ ಆಮೇಲೆ.

ವಾ ಪೆಡಲನ್ನು ಚೀಲದಿಂದ ತೆಗೆಯಲೇ ಇಲ್ಲ. ಅದು ಮಾಡುವುದು ಬಾಯಿ ಮಾಡುವ ಕೆಲಸವನ್ನೇ. ಒಂದೇ ಸ್ವರದಲ್ಲಿ ಆ, ಈ, ಊ ಎಂದು ಹಾಡಿಸಿದರೆ ಗುಣದ ವ್ಯತ್ಯಾಸ ಅಲ್ಲೇ ಸಿಗುತ್ತದೆ.

ಎರಡನೆಯ ಹಂತದಲ್ಲಿ ಹಿರೇಕೆರೂರು ತಾಲೂಕಿನ ಶಾಲೆಗೆ ಹೋದಾಗ ಗಿಟಾರು ಒಯ್ದೆ, ಆದರೆ ಮೊದಲ ದಿನ ಗವಸಿನಿಂದ ತೆಗೆಯಲಿಲ್ಲ. “ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾವ ವಾದ್ಯ ಗೊರಗೊರ, ಝುಂಯ್ ಎನ್ನುತ್ತದೆ? ಅದರಲ್ಲಿ ಯಾವುದು ಯಾವುದಕ್ಕೆ ತಾಗುತ್ತದೆ ನೋಡಿಕೊಂಡು ಬನ್ನಿ” ಎಂದು ಮನೆಗೆಲಸ ಕೊಟ್ಟೆ. ಮರುದಿನ ಒಬ್ಬಳು ಬಾಚಣಿಕೆಗೆ ತೆಳ್ಳನೆಯ ಕಾಗದ ಸುತ್ತಿ ತಂದು, ತುಟಿಗಿಟ್ಟು ಒಂದು ಭಜನೆಯ ಧಾಟಿ ಊದಿದಳು.