ಬೂದಿ ಮೊದಲು, ಹುಣಸೆ ಆಮೇಲೆ: ಹಾಲಿನ ಘಟಕದಲ್ಲಿ ತೊಳೆಯುವ ಕ್ರಮ

ಎಣ್ಣೆ ಹತ್ತಿದ ಬಾಣಲೆಗೆ ಒಲೆಯ ಬೂದಿ, ಕಿಲುಬು ಹಿಡಿದ ತಾಮ್ರದ ಚೆಂಬಿಗೆ ಹುಣಸೆಹಣ್ಣು. ಬಾಣಲೆಯ ಜಿಡ್ಡಿಗೆ ಹುಣಸೆ ಉಜ್ಜುತ್ತಾ ಕೂತವರನ್ನು ಯಾರೂ ಕಂಡಿಲ್ಲ. ಬೂದಿ ಕ್ಷಾರ, ಹುಣಸೆ ಆಮ್ಲ. ಯಾವ ಕೊಳೆಗೆ ಯಾವುದು ಎಂಬ ಲೆಕ್ಕ ನಮ್ಮ ಅಡುಗೆಮನೆಗಳಿಗೆ ಮೊದಲೇ ಗೊತ್ತಿತ್ತು. ಪನೀರ್, ಮೊಸರು, ಪೇಡ ಮಾಡುವ ಸಣ್ಣ ಘಟಕಗಳಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ಅಲ್ಲಿ ಎಲ್ಲದಕ್ಕೂ ಒಂದೇ ಸೋಪಿನ ಪುಡಿ, ಒಂದೇ ಬ್ರಷ್ಷು. ಸ್ಟೀಲ್ ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿದ್ದರೂ ಬೆಳಿಗ್ಗೆ ತುಂಬಿದ ಹಾಲು ಸಂಜೆಯೊಳಗೆ ಒಡೆಯುತ್ತದೆ.

ಹಾಲಿನಲ್ಲಿ ನಾಲ್ಕು ಬಗೆಯ ಕೊಳೆ

ಪಾತ್ರೆಗೆ ಅಂಟಿದ ಹಾಲು ಒಂದೇ ಕೊಳೆಯಲ್ಲ. ಅದರಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಬರೀ ನೀರಿಗೇ ಕರಗಿ ಹೋಗುತ್ತದೆ. ಕೊಬ್ಬು ಬೆಚ್ಚಗಿದ್ದರೆ ಸಡಿಲವಾಗುತ್ತದೆ, ತಣ್ಣೀರು ಬಿದ್ದರೆ ಹೆಪ್ಪುಗಟ್ಟುತ್ತದೆ. ಪ್ರೋಟೀನಿನ ಸ್ವಭಾವ ಇದಕ್ಕೆ ತದ್ವಿರುದ್ಧ; ಕುದಿನೀರು ಸುರಿದರೆ ಅದು ಬೆಂದು ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ನಾಲ್ಕನೆಯದು ಕ್ಯಾಲ್ಸಿಯಂ ಮುಂತಾದ ಖನಿಜ. ಹಾಲು ಕಾಯಿಸುವ ಪಾತ್ರೆಯ ಒಳಮೈಗೆ ಕಟ್ಟುವ, ಡೇರಿಯವರು ಮಿಲ್ಕ್‌ಸ್ಟೋನ್ ಎನ್ನುವ ಬಿಳಿ ಪದರದಲ್ಲಿ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಮತ್ತು ಬೆಂದ ಪ್ರೋಟೀನು. ಎಷ್ಟು ಸೋಪು ಉಜ್ಜಿದರೂ ಅದು ಬಿಡದು, ಆಮ್ಲವೇ ಬೇಕು.

ದ್ರಾವಣಗಳ ಗುಣ

ಕ್ಷಾರ: ಕಾಸ್ಟಿಕ್ ಸೋಡಾ, ವಾಷಿಂಗ್ ಸೋಡಾ ಈ ಗುಂಪಿನವು. ಬಿಸಿ ಕ್ಷಾರವು ಕೊಬ್ಬನ್ನು ಸಾಬೂನಾಗಿ ಮಾರ್ಪಡಿಸುತ್ತದೆ, ಪ್ರೋಟೀನನ್ನು ಉಬ್ಬಿಸಿ ಬಿಡಿಸುತ್ತದೆ.

ಆಮ್ಲ: ನೈಟ್ರಿಕ್ ಮತ್ತು ಫಾಸ್ಫಾರಿಕ್ ಆಸಿಡ್ ಡೇರಿಗಳಲ್ಲಿ ಬಳಕೆಯಲ್ಲಿವೆ. ಇವು ಖನಿಜದ ಪದರ ಕರಗಿಸುತ್ತವೆ. ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಇಲ್ಲಿಗೆ ತರಲೇಬಾರದು. ಅದರ ಕ್ಲೋರೈಡ್ ಸ್ಟೀಲಿನಲ್ಲಿ ಸಣ್ಣ ಸಣ್ಣ ಕುಳಿ ಕೊರೆಯುತ್ತದೆ.

ತೇವಕಾರಕ: ನೀರು ಹನಿಯಾಗಿ ನಿಲ್ಲದೆ ಹರಡಿಕೊಂಡು ಸಂದಿಗೆ ಇಳಿಯುವಂತೆ ಮಾಡುವ ಪದಾರ್ಥ. ಅಂಟುವಾಳದ ನೊರೆ ಮಾಡುತ್ತಿದ್ದದ್ದೂ ಇದೇ ಕೆಲಸ. ಆದರೆ ಪಂಪಿನಿಂದ ದ್ರಾವಣ ಹರಿಸುವ ಕಡೆ ನೊರೆ ಬಂದರೆ ಹರಿವು ಕುಗ್ಗುತ್ತದೆ. ಅದಕ್ಕಾಗಿ ನೊರೆ ಕಡಿಮೆ ಬರುವ ಡೇರಿ ಡಿಟರ್ಜೆಂಟನ್ನೇ ಕೊಳ್ಳಬೇಕು. ಹಾಲು ವಾಸನೆಯನ್ನು ಬೇಗ ಎಳೆದುಕೊಳ್ಳುವುದರಿಂದ ಸುವಾಸನೆಯ ಪಾತ್ರೆ ಸೋಪು ಬೇಡ.

ಖನಿಜ ಹಿಡಿಯುವವು: ಬೋರ್‌ವೆಲ್ಲಿನ ಗಡಸು ನೀರಿಗೆ ಕ್ಷಾರ ಬೆರೆಸಿ ಕಾಯಿಸಿದರೆ ನೀರಿನಲ್ಲಿರುವ ಸುಣ್ಣದಂಶವೇ ಪಾತ್ರೆಗೆ ಕೂರುತ್ತದೆ. ಇಡಿಟಿಎ, ಗ್ಲುಕೋನೇಟ್‌ನಂಥವು ಅದನ್ನು ನೀರಿನಲ್ಲೇ ಹಿಡಿದಿಡುತ್ತವೆ. ಗಡಸು ನೀರಿನ ಊರಿನವರು ಡಿಟರ್ಜೆಂಟ್ ಕೊಳ್ಳುವಾಗ ಇದನ್ನು ಕೇಳಿ ತಿಳಿಯಬೇಕು.

1959ರಲ್ಲಿ ಜರ್ಮನಿಯ ಹರ್ಬರ್ಟ್ ಸಿನ್ನರ್ ಒಂದು ಸರಳ ಸೂತ್ರ ಹೇಳಿದರು. ತೊಳೆಯುವ ಕೆಲಸ ನಾಲ್ಕರ ಮೇಲೆ ನಿಂತಿದೆ: ರಾಸಾಯನಿಕ, ಉಜ್ಜುವ ಅಥವಾ ಹರಿಯುವ ಬಲ, ಬಿಸಿ ಮತ್ತು ಹೊತ್ತು. ಒಂದನ್ನು ಕಡಿಮೆ ಮಾಡಿದರೆ ಉಳಿದವನ್ನು ಹೆಚ್ಚಿಸಬೇಕು. ಪೈಪಿನೊಳಗೆ ಬ್ರಷ್ಷು ಹೋಗದು, ಆದ್ದರಿಂದ ಅಲ್ಲಿ ದ್ರಾವಣ ಸೆಕೆಂಡಿಗೆ ಸುಮಾರು 1.5 ಮೀಟರ್ ವೇಗದಲ್ಲಿ ಹರಿಯಬೇಕು. ಕೈಯಲ್ಲಿ ತೊಳೆಯುವಾಗ ಸುಡುನೀರು ಆಗದು, ಅಲ್ಲಿ ಉಜ್ಜುವ ಬಲವೇ ಆಧಾರ.

ಹಂತ ಹಂತವಾಗಿ

1. ಖಾಲಿಯಾದ ಕೂಡಲೇ ನೀರು. ಹಾಲು ಒಣಗಲು ಬಿಡಬೇಡಿ. 35ರಿಂದ 45 ಡಿಗ್ರಿ ಸೆಲ್ಸಿಯಸ್‌ನ ಉಗುರುಬೆಚ್ಚಗಿನ ನೀರನ್ನು, ಹೊರಬರುವ ನೀರು ತಿಳಿಯಾಗುವವರೆಗೆ ಹಾಯಿಸಿ. ಕೊಳೆಯ ಬಹುಪಾಲು ಇಲ್ಲೇ ಹೋಗುತ್ತದೆ, ಮುಂದಿನ ದ್ರಾವಣವೂ ಉಳಿಯುತ್ತದೆ.

2. ಬಿಚ್ಚುವುದನ್ನೆಲ್ಲ ಬಿಚ್ಚಿ. ನಲ್ಲಿ, ವಾಲ್ವು, ಗ್ಯಾಸ್ಕೆಟ್, ಮುಚ್ಚಳದ ರಬ್ಬರು. ಹೊಳೆಯುವ ತೊಟ್ಟಿಯ ಹಾಲು ಕೆಡುವುದು ಹೆಚ್ಚಾಗಿ ಈ ಸಂದಿಗಳಿಂದ. ಬಿರುಕು ಬಿಟ್ಟ ರಬ್ಬರನ್ನು ತೊಳೆದು ಪ್ರಯೋಜನವಿಲ್ಲ, ಬದಲಾಯಿಸಿ.

3. ಕ್ಷಾರದ ತೊಳೆತ. ಕೈಯಲ್ಲಿ ತೊಳೆಯುವ ಸ್ಟೀಲ್ ಕ್ಯಾನು, ಪಾತ್ರೆಗೆ ಲೀಟರಿಗೆ 5ರಿಂದ 10 ಗ್ರಾಂ ವಾಷಿಂಗ್ ಸೋಡಾ ಅಥವಾ ಡೇರಿ ಡಿಟರ್ಜೆಂಟ್, 45ರಿಂದ 50 ಡಿಗ್ರಿ ಬಿಸಿ, ಕೈಗವಸು, ನೈಲಾನ್ ಬ್ರಷ್ಷು. ಕಬ್ಬಿಣದ ನಾರು ಬೇಡ. ಅದು ಗೀರಿದ ಗೆರೆಗಳೇ ಸೂಕ್ಷ್ಮಾಣುಗಳಿಗೆ ಮನೆ. ಪಂಪಿನಿಂದ ದ್ರಾವಣ ಸುತ್ತಿಸುವ ಮುಚ್ಚಿದ ವ್ಯವಸ್ಥೆ ಇದ್ದರೆ ಮಾತ್ರ ಶೇ 1ರಷ್ಟು ಕಾಸ್ಟಿಕ್ ಸೋಡಾ, 70ರಿಂದ 80 ಡಿಗ್ರಿ, 15ರಿಂದ 20 ನಿಮಿಷ.

4. ನಡುವಿನ ತೊಳೆತ. ಕ್ಷಾರ ಪೂರ್ತಿ ಹೋಗುವವರೆಗೆ ನೀರು ಹಾಯಿಸಿ. ಉಳಿದ ಕ್ಷಾರ ಮುಂದಿನ ಆಮ್ಲವನ್ನು ನುಂಗಿಹಾಕುತ್ತದೆ, ಎರಡೂ ದಂಡ.

5. ಆಮ್ಲದ ತೊಳೆತ. ಶೇ 0.5ರಿಂದ 1ರ ದ್ರಾವಣ, 60ರಿಂದ 65 ಡಿಗ್ರಿ, 10ರಿಂದ 15 ನಿಮಿಷ. ಇದೂ ಮುಚ್ಚಿದ ವ್ಯವಸ್ಥೆಗೆ ಹೇಳಿದ ಅಳತೆ. ಕೈಯಲ್ಲಿ ತೊಳೆಯುವವರು ಫಾಸ್ಫಾರಿಕ್ ಆಧಾರಿತ ಡೇರಿ ಡಿಸ್ಕೇಲರನ್ನು ಲೇಬಲ್ಲಿನಂತೆ ಬಳಸುವುದೇ ಸುರಕ್ಷಿತ. ಹಾಲು ಕಾಯಿಸುವ ಪ್ಯಾಶ್ಚರೈಸರಿಗೆ ಇದು ದಿನವೂ ಬೇಕು. ಕ್ಯಾನು, ಶೀತಲ ತೊಟ್ಟಿಗೆ ವಾರಕ್ಕೊಮ್ಮೆ. ನೀರು ಗಡಸಾದಷ್ಟೂ ಹೆಚ್ಚು ಸಲ.

6. ಕೊನೆಯ ತೊಳೆತ ಮತ್ತು ಪರೀಕ್ಷೆ. ಕುಡಿಯಲು ಯೋಗ್ಯವಾದ ನೀರಿನಿಂದ ತೊಳೆದು, ಹೊರಬಂದ ನೀರನ್ನೂ ನಲ್ಲಿಯ ನೀರನ್ನೂ ಪಿಎಚ್ ಪಟ್ಟಿಯಿಂದ ಹೋಲಿಸಿ. ಎರಡೂ ಒಂದೇ ಬಣ್ಣ ತೋರಬೇಕು. ಬಳಿಕ ಒಳಮೈ ನೋಡಿ. ನೀರು ಹಾಳೆಯಂತೆ ಇಳಿದರೆ ಶುಚಿ, ಹನಿಹನಿಯಾಗಿ ಒಡೆದು ನಿಂತರೆ ಜಿಡ್ಡು ಉಳಿದಿದೆ. ಕ್ಯಾನುಗಳನ್ನು ನೆಲಕ್ಕೆ ತಾಗದಂತೆ ಸ್ಟ್ಯಾಂಡಿನ ಮೇಲೆ ಬೋರಲು ಹಾಕಿ ಒಣಗಿಸಿ.

7. ಬಳಸುವ ತುಸು ಮುಂಚೆ ಸೋಂಕು ನಿವಾರಣೆ. ಕ್ಲೋರಿನ್ 100ರಿಂದ 200 ಪಿಪಿಎಂ, ತಣ್ಣೀರಿನಲ್ಲಿ, ಕೆಲವೇ ನಿಮಿಷ; ನಂತರ ಪೂರ್ತಿ ಬಸಿಯಿರಿ. ಬಿಸಿನೀರಿನಲ್ಲಿ ಕ್ಲೋರಿನ್ ಶಕ್ತಿ ಕಳೆದುಕೊಳ್ಳುತ್ತದೆ, ಸ್ಟೀಲನ್ನೂ ತಿನ್ನುತ್ತದೆ. ರಾಸಾಯನಿಕ ಬೇಡವೆನ್ನುವವರು 85 ಡಿಗ್ರಿಯ ನೀರನ್ನು 15 ನಿಮಿಷ ಹರಿಸಬಹುದು. ಕೊಳೆ ಉಳಿದ ಕಡೆ ಬ್ಲೀಚ್ ಸುರಿದರೆ ಅದು ಕೊಳೆಯ ಜತೆ ಸೆಣಸಿಯೇ ಸಾಯುತ್ತದೆ, ಸೂಕ್ಷ್ಮಾಣುಗಳಿಗೆ ಏನೂ ಆಗದು. ಮೊದಲ ಆರು ಹಂತಗಳನ್ನು ಬಿಟ್ಟು ಇದೊಂದನ್ನೇ ಮಾಡುವುದು ವ್ಯರ್ಥ.

ಅಳತೆ ಹೀಗೆ

ಶೇ 1ರ ದ್ರಾವಣ ಎಂದರೆ 10 ಲೀಟರ್ ನೀರಿಗೆ 100 ಗ್ರಾಂ. ಬ್ಲೀಚಿನ ಕ್ಯಾನಿನ ಮೇಲೆ ಶೇ 5 ಹೈಪೋಕ್ಲೋರೈಟ್ ಎಂದಿದ್ದರೆ 10 ಲೀಟರಿಗೆ 40 ಮಿಲಿ ಹಾಕಿದಾಗ 200 ಪಿಪಿಎಂ, 20 ಮಿಲಿಗೆ 100 ಪಿಪಿಎಂ. ಶೇ 10 ಇದ್ದರೆ ಇದರ ಅರ್ಧ ಸಾಕು. ಬಿಸಿಲು, ಸೆಖೆಗೆ ಬ್ಲೀಚ್ ದುರ್ಬಲವಾಗುತ್ತದೆ. ನೆರಳಿನಲ್ಲಿಡಿ, ತಯಾರಾದ ದಿನಾಂಕ ನೋಡಿ ಕೊಳ್ಳಿ. ಅಂದಾಜಿನ ಒಂದು ಹಿಡಿ, ಒಂದು ಮುಚ್ಚಳ ಬೇಡ, ತಕ್ಕಡಿ ಮತ್ತು ಅಳತೆಯ ಜಾಡಿ ಇಟ್ಟುಕೊಳ್ಳಿ.

ಪ್ರಾಣಕ್ಕೆ ಕುತ್ತು ತರುವ ತಪ್ಪುಗಳು

ಬ್ಲೀಚ್ ಮತ್ತು ಆಮ್ಲ ಎಂದೂ ಸೇರಬಾರದು. ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ, ಬೇರೆ ಬಣ್ಣದ ಬಕೆಟ್ಟಿನೊಂದಿಗೆ ಇಡಿ.

ಕಾಸ್ಟಿಕ್ಕನ್ನೂ ಆಮ್ಲವನ್ನೂ ನೀರಿಗೆ ಹಾಕಬೇಕೇ ಹೊರತು ಅವುಗಳ ಮೇಲೆ ನೀರು ಸುರಿಯಬಾರದು. ತಣ್ಣೀರಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿ ಆಮೇಲೆ ಕಾಯಿಸಿ. ಕನ್ನಡಕ, ಕೈಗವಸು, ಗಮ್‌ಬೂಟು ಇರಲಿ. ಮೈಗೆ ಸಿಡಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ತೊಳೆದು ವೈದ್ಯರ ಬಳಿ ಹೋಗಿ.

ಅಲ್ಯೂಮಿನಿಯಂ ಕ್ಯಾನಿಗೆ ಕಾಸ್ಟಿಕ್ ತಾಗಿಸಬೇಡಿ. ಲೋಹ ಕರಗುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಹೊರಬರುತ್ತದೆ. ಅಲ್ಯೂಮಿನಿಯಂಗೆ ಸೂಕ್ತ ಎಂದು ಲೇಬಲ್ ಇರುವ ಡಿಟರ್ಜೆಂಟೇ ಬೇಕು.

ಸರಿಯಾಗಿ ತೊಳೆಯದಿದ್ದರೆ

ಪಾತ್ರೆಯಲ್ಲಿ ಉಳಿದ ಸೋಡಾ ಹಾಲಿಗೆ ಸೇರಿದರೆ ಪರೀಕ್ಷೆಯಲ್ಲಿ ಅದು ಕಲಬೆರಕೆಯಾಗಿಯೇ ಕಾಣಬಹುದು. ಹುಳಿ ಮುಚ್ಚಲು ಸೋಡಾ ಹಾಕುವ ವಂಚಕರಿಗೂ, ತೊಳೆಯಲು ಸೋಮಾರಿತನ ಮಾಡಿದವರಿಗೂ ಪರೀಕ್ಷಾ ಕೊಳವೆಯಲ್ಲಿ ಬಣ್ಣ ಒಂದೇ. ಸ್ಯಾನಿಟೈಸರ್ ಉಳಿದರೆ ಹೆಪ್ಪಿನ ಸೂಕ್ಷ್ಮಾಣುಗಳೇ ಸತ್ತು ಮೊಸರು ಕೂರುವುದಿಲ್ಲ. ಲೋಹಕ್ಕೆ ಅಂಟಿಕೊಂಡುಳಿಯುವ ಕ್ವಾಟರ್ನರಿ ಅಮೋನಿಯಂ ಬಗೆಯದನ್ನು ಮೊಸರಿನ ಘಟಕದವರು ದೂರವಿಡುವುದು ಒಳ್ಳೆಯದು.

ಆಹಾರ ಸುರಕ್ಷತೆಯ 2011ರ ಪರವಾನಗಿ ನಿಯಮಗಳ ನಾಲ್ಕನೇ ಅನುಸೂಚಿ ಸಣ್ಣ ಘಟಕಗಳಿಗೂ ಶುಚಿತ್ವವನ್ನು ಕಡ್ಡಾಯ ಮಾಡಿದೆ. ದಿನಾಂಕ, ದ್ರಾವಣ, ಪ್ರಮಾಣ, ಬಿಸಿ, ಹೊತ್ತು, ತೊಳೆದವರ ಸಹಿ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಾಲು ಕೆಟ್ಟ ದಿನ ತಪ್ಪು ಯಾವ ಹಂತದಲ್ಲಾಯಿತು ಎಂದು ಆ ಪುಟವೇ ಹೇಳುತ್ತದೆ.

ಇನ್ನೊಂದು ಪರೀಕ್ಷೆಗೆ ಕಾಸು ಬೇಡ. ಬೆಳಿಗ್ಗೆ, ಸೋಂಕು ನಿವಾರಕ ಮುಟ್ಟುವ ಮೊದಲು, ಕ್ಯಾನಿನ ಒಳಗೆ ಮೂಗಿಟ್ಟು ನೋಡಿ. ಹುಳಿ ವಾಸನೆಯಿದ್ದರೆ ಮೂರನೇ ಹಂತಕ್ಕೆ ಹಿಂತಿರುಗಿ. ಸೋಪಿನ ವಾಸನೆಯಿದ್ದರೆ ಆರನೆಯದಕ್ಕೆ. ಏನೂ ಬಾರದಿದ್ದರೆ ಕ್ಯಾನು ಹಾಲಿಗೆ ಸಿದ್ಧವಾಗಲು ಏಳನೇ ಹಂತವೊಂದೇ ಬಾಕಿ.