ದಿಮ್ಮಿಗಿಂತ ಅಗಲವಾದ ದೋಣಿ

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಮೆಟಾಸೆಂಟರ್ ಲೆಕ್ಕ ಮಾಡಿದವರಿಗೆ ಒಂದು ಪ್ರಶ್ನೆ. ಕೈಯಲ್ಲಿರೋದು ಒಂದೇ ಮರದ ದಿಮ್ಮಿ. ಅದಕ್ಕೆ ಹಲಗೆ ಸೇರಿಸೋ ಹಾಗಿಲ್ಲ. ಹಾಗಿದ್ದರೂ ದಿಮ್ಮಿಗಿಂತ ಅಗಲವಾದ ದೋಣಿ ಮಾಡೋದು ಹೇಗೆ?

ಎಸ್ಟೋನಿಯಾದ ನೈಋತ್ಯಕ್ಕಿರುವ ಸೋಮಾ ಎಂಬ ಜೌಗು ನಾಡಿನವರ ಹತ್ತಿರ ಇದಕ್ಕೆ ಉತ್ತರ ಇದೆ. ಅಲ್ಲಿ ಚಳಿಗಾಲದ ಹಿಮ ಕರಗಿದಾಗ ನದಿಗಳು ಉಕ್ಕಿ ಹುಲ್ಲುಗಾವಲು, ಕಾಡು, ರಸ್ತೆ ಎಲ್ಲ ಮುಳುಗುತ್ತವೆ. ಜನ ಇದನ್ನು 'ಐದನೆಯ ಋತು' ಅಂತಾನೇ ಕರೀತಾರೆ. ಆಗ ಪಕ್ಕದ ಮನೆಗೆ ಹೋಗೋಕೂ ದೋಣಿ ಬೇಕು. ಅದೇ ಹಾಬ್ಯಾಸ್. ಆಸ್ಪೆನ್ ಮರಕ್ಕೆ ಅವರ ಭಾಷೆಯಲ್ಲಿ ಹಾಬ್ ಅಂತಾರೆ, ಹೆಸರು ಬಂದಿದ್ದು ಅಲ್ಲಿಂದ.

ಮೊದಲು ನೆಟ್ಟಗೆ ಬೆಳೆದ, ಗಂಟು ಕಡಿಮೆ ಇರುವ ಮರ ಹುಡುಕಬೇಕು. ಆಮೇಲೆ ಕೊಡಲಿ, ಬಾಚಿಯಿಂದ ಹೊರಗೂ ಒಳಗೂ ಕೆತ್ತುತ್ತಾರೆ. ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಗೊತ್ತಾಗೋದು ಹೇಗೆ? ಹೊರಗಿನಿಂದ ಒಂದೇ ಅಳತೆಯ ಸಣ್ಣ ಗೂಟಗಳನ್ನು ಬಡಿದಿರ್ತಾರೆ. ಒಳಗೆ ಕೆತ್ತುತ್ತಾ ಗೂಟದ ತುದಿ ಕಂಡರೆ ಅಲ್ಲಿಗೆ ಸಾಕು. ವರ್ನಿಯರ್ ಕ್ಯಾಲಿಪರ್ ಕೂಡ ಇಷ್ಟು ಸಲೀಸಲ್ಲ ಅನ್ಸುತ್ತೆ ನನಗೆ!

ಈಗ ಸಿಕ್ಕಿರೋದು ಕಿರಿದಾದ ತೊಟ್ಟಿ. ಅದರ ಬದಿಯಲ್ಲಿ ಬೆಂಕಿ ಹಾಕಿ, ಮೈಗೆ ನೀರು ಹಾಕ್ತಾ, ಒಳಗೆ ಕಡ್ಡಿಗಳನ್ನು ಅಡ್ಡ ಕೊಟ್ಟು ನಿಧಾನಕ್ಕೆ ಅಗಲಿಸುತ್ತಾರೆ. ಮರದ ನಾರುಗಳನ್ನು ಬೆಸೆದಿರೋ ಲಿಗ್ನಿನ್ ಹಸಿ ಮರದಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಮೆತ್ತಗಾಗುತ್ತೆ. ಒಣಗಿದ ಮರಕ್ಕೆ ಇನ್ನೂ ತುಂಬಾ ಶಾಖ ಬೇಕು. ನೀರಿನ ಕೆಲಸ ಸುಡದಂತೆ ತಡೆಯೋದಷ್ಟೇ ಅಲ್ಲ, ಬಾಗಿಸೋದೂ ಅದೇ. ಬದಿಗಳು ಹೊರಕ್ಕೆ ಬಾಗಿದ ಹಾಗೆ ನಡುವಿನ ಅಂಚು ತಗ್ಗುತ್ತೆ, ಎರಡು ತುದಿಗಳು ಮೇಲೇಳುತ್ತವೆ. ದೋಣಿಯ ಆಕಾರ ತಾನಾಗೇ ಬರುತ್ತೆ. ತಣ್ಣಗಾದ ಮೇಲೆ ಒಳಗೆ ಬಾಗಿದ ಮರದ ಪಕ್ಕೆಲುಬು ಕೂರಿಸಿದರೆ ಬದಿಗಳು ಮತ್ತೆ ಮುಚ್ಚಿಕೊಳ್ಳಲ್ಲ.

ಇಷ್ಟೆಲ್ಲ ಯಾಕೆ? ಬಿಎಂ ಅಂದ್ರೆ ಐ ಭಾಗಿಸು ವಿ, ನೆನಪಿದೆಯಲ್ವಾ? ಐ ಅಗಲದ ಘನಕ್ಕೆ ತಕ್ಕ ಹಾಗೆ ಏರುತ್ತೆ. ಉದಾಹರಣೆಗೆ ನೀರಿನ ಮಟ್ಟದಲ್ಲಿ 50 ಸೆಂ.ಮೀ. ಇದ್ದ ಅಗಲ 80 ಆಯ್ತು ಅನ್ನಿ. ಉದ್ದವೂ ತೂಕವೂ ಅಷ್ಟೇ ಇದ್ದರೆ ವಿ ಬದಲಾಗಲ್ಲ, ಬಿಎಂ ಮಾತ್ರ ಸುಮಾರು 4 ಪಟ್ಟು! ದೋಣಿ ನೀರಲ್ಲಿ ಮುಳುಗೋ ಆಳವೂ ಕಡಿಮೆ. ಮುಳುಗಿದ ಹುಲ್ಲುಗಾವಲಿನ ಮೇಲೆ ಹೋಗೋಕೆ ಬೇಕಾಗಿದ್ದೂ ಅದೇ.

ಆದರೆ ಸೂತ್ರ ಗೊತ್ತಿದ್ದ ಮಾತ್ರಕ್ಕೆ ದೋಣಿ ಆಗಲ್ಲ. ಆತುರಪಟ್ಟು ಅಗಲಿಸಿದರೆ ಇಷ್ಟು ದಿನ ಕೆತ್ತಿದ್ದು ಒಂದೇ ಸೀಳಿಗೆ ಸೌದೆ. ಮರ ಈಗ ಬಾಗುತ್ತೆ, ಈಗ ಬೇಡ ಅನ್ನೋದು ಮೇಸ್ತ್ರಿಯ ಕೈಗೆ ಗೊತ್ತು, ಪಕ್ಕದಲ್ಲಿ ನಿಂತು ಕಲಿಯಬೇಕು. ರಸ್ತೆ ಬಂತು, ಕಾರ್ಖಾನೆಯ ದೋಣಿ ಬಂತು, ಸೋಮಾದಲ್ಲಿ ವಾಸಿಸೋರೂ ಕಡಿಮೆಯಾದರು. ಕೊನೆಗೆ ಬೆರಳೆಣಿಕೆಯ ಮೇಸ್ತ್ರಿಗಳು ಉಳಿದರು. 2021ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಈಗ ಅಲ್ಲಿ ಹೊಸಬರು ಬಾಚಿ ಹಿಡಿದು, ಮೇಸ್ತ್ರಿಗಳ ಜೊತೆ ಸೇರಿ ದೋಣಿ ಕೆತ್ತೋದನ್ನು ಕಲೀತಿದ್ದಾರೆ.