ಪ್ರಶ್ನೆ ಇಪ್ಪತ್ನಾಲ್ಕು, ಪುಸ್ತಕ ಒಂದೇ

ಪ್ರೀತಿಯ ಮಗಳೇ,

ಬ್ರಿಟನ್ನಿನಲ್ಲಿ ಕಾಯಂ ವಾಸಕ್ಕೂ ಪೌರತ್ವಕ್ಕೂ ಬೇಕಾದ 'ಲೈಫ್ ಇನ್ ದ ಯುಕೆ' ಪರೀಕ್ಷೆಗೆ ಹೆಸರು ಕೊಟ್ಟವರು ಮೊದಲು ಮಾಡುವ ಕೆಲಸವೆಂದರೆ ಫೋನಿಗೆ ಅಣಕು ಪರೀಕ್ಷೆಯ ಆ್ಯಪ್ ಹಾಕಿಕೊಳ್ಳುವುದು. ನೀನು ಅಲ್ಲಿಂದ ಶುರುಮಾಡಬೇಡ. 45 ನಿಮಿಷ, 24 ಪ್ರಶ್ನೆ. ಪಾಸಾಗಲು 18 ಸರಿಯುತ್ತರ ಬೇಕು. ಶುಲ್ಕ 50 ಪೌಂಡ್. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಪ್ರತಿ ಸಲವೂ ದುಡ್ಡು ಕಟ್ಟಬೇಕು. ಪ್ರಶ್ನೆಗಳೆಲ್ಲ ಬರುವುದು ಸರ್ಕಾರದ ಅಧಿಕೃತ ಕೈಪಿಡಿಯಿಂದ. ಅದರ ಮೂರನೇ ಆವೃತ್ತಿ ಬಂದದ್ದು 2013ರಲ್ಲಿ. ಯಾರದೋ ಮನೆಯಲ್ಲಿ ಬಿದ್ದಿರುವ ಅದಕ್ಕಿಂತ ಹಳೆಯ ಪ್ರತಿಯನ್ನು ಓದಿ ಮೋಸಹೋಗಬೇಡ.

ಇಸವಿಗಳನ್ನು ಬಿಡಿಬಿಡಿಯಾಗಿ ಉರುಹೊಡೆದರೆ ಪರೀಕ್ಷೆಯ ಹೊತ್ತಿಗೆ ಎಲ್ಲವೂ ಕಲಸಿಹೋಗುತ್ತವೆ. ಕಥೆಯಂತೆ ಓದಿದರೆ ನಿಲ್ಲುತ್ತವೆ. ಹೆಂಗಸರ ಮತದ ಹಕ್ಕನ್ನೇ ನೋಡು. 1918ರಲ್ಲಿ ಅದು ಸಿಕ್ಕಿದ್ದು 30 ತುಂಬಿದ ಹೆಂಗಸರಿಗೆ ಮಾತ್ರ, ಅದೂ ಆಸ್ತಿಯ ಷರತ್ತಿನ ಮೇಲೆ. 21ಕ್ಕೇ ಮತ ಹಾಕುವ ಗಂಡಸರ ಸಮಕ್ಕೆ ಅವರು ಬಂದದ್ದು 1928ರಲ್ಲಿ. ಅದಕ್ಕಾಗಿ ಜೈಲು ಕಂಡು, ಉಪವಾಸ ಹಿಡಿದ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಆ ಸಮಾನ ಹಕ್ಕಿನ ಕಾಯ್ದೆ ಜಾರಿಯಾಗುವ ಕೆಲವೇ ದಿನ ಮೊದಲು ತೀರಿಕೊಂಡರು. ಇಷ್ಟು ತಿಳಿದವಳಿಗೆ 1928 ಮರೆಯುವುದುಂಟೇ? ಮತದ ವಯಸ್ಸು ಎಲ್ಲರಿಗೂ 18 ಆದದ್ದು 1969ರಲ್ಲಿ.

ಅದೇ ಪುಸ್ತಕದಲ್ಲಿ ನಮ್ಮ ಕಡೆಯವನೂ ಒಬ್ಬನಿದ್ದಾನೆ. 1759ರಲ್ಲಿ ಹುಟ್ಟಿ ಬಂಗಾಳದ ಸೈನ್ಯದಲ್ಲಿದ್ದ ಶೇಖ್ ದೀನ್ ಮಹಮದ್ ಆಮೇಲೆ ಬ್ರಿಟನ್ನಿಗೆ ಬಂದ; ಜೇನ್ ಡೇಲಿ ಎಂಬ ಐರಿಷ್ ಹುಡುಗಿಯ ಜೊತೆ ಓಡಿಹೋಗಿ ಮದುವೆಯಾದ. 1810ರಲ್ಲಿ ಲಂಡನ್ನಿನ ಜಾರ್ಜ್ ಸ್ಟ್ರೀಟ್‌ನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದ. ಆ ದೇಶದ ಮೊದಲ ಕರಿ ಹೋಟೆಲು ಅದು. ಭಾರತದ ತಲೆ ಮಾಲೀಸನ್ನು ಅಲ್ಲಿಯವರಿಗೆ ಪರಿಚಯಿಸಿದವನೂ ಅವನೇ. ವಲಸೆ ಬಂದವರು ಆ ದೇಶದ ಇತಿಹಾಸದ ಒಳಗೇ ಇದ್ದಾರೆ ಎಂಬುದು ಈ ಪುಟಗಳಲ್ಲಿ ಕಣ್ಣಿಗೆ ಕಾಣುತ್ತದೆ. ಆ್ಯಪಿನ ನಾಲ್ಕು ಆಯ್ಕೆಗಳಲ್ಲಿ ಅದು ಕಾಣುವುದಿಲ್ಲ.

ಪರೀಕ್ಷೆಗೆ ಟೀಕೆಯೂ ಸಾಕಷ್ಟಿದೆ. ತಾವೇ ಇದನ್ನು ಬರೆದು ಬ್ರಿಟಿಷ್ ಪ್ರಜೆಯಾದ ಡರಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಥಾಮ್ ಬ್ರೂಕ್ಸ್, ಇದು ಪಬ್ಬಿನ ಕ್ವಿಜ್‌ನಂತಿದೆ ಎಂದರು. 2022ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿಯೊಂದೂ ಕಟುವಾಗಿಯೇ ಬರೆಯಿತು. ಈ ಟೀಕೆ ನ್ಯಾಯವಾದದ್ದು. ತುರ್ತಿಗೆ 999, ಜಿಪಿ, ಅಂದರೆ ಅಲ್ಲಿನ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸುವ ಬಗೆ, ಇಂಥ ದಿನಬಳಕೆಯ ತಿಳಿವಳಿಕೆಯನ್ನು ಪರೀಕ್ಷೆ ಕೇಳದಿದ್ದರೂ ನೀನು ಕಲಿತಿಟ್ಟುಕೊ.

ಹೆಸರಿನ ವಿಷಯದಲ್ಲಿ ಮಾತ್ರ ತುಂಬ ಜಾಗ್ರತೆ. ಬುಕಿಂಗ್‌ನಲ್ಲಿ ಕೊಟ್ಟ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಶಃ ಹೊಂದಬೇಕು. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ಹಣವೂ ವಾಪಸಿಲ್ಲ. ಕನ್ನಡಿಗರಿಗೆ ಇದು ಸಣ್ಣ ತೊಡಕಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ಲಾಗಿ ಒಂದು ದಾಖಲೆಯಲ್ಲಿ, ಪೂರ್ತಿಯಾಗಿ ಇನ್ನೊಂದರಲ್ಲಿ ಇರುತ್ತವೆ. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ತುಂಬು.

ಕಾಯಂ ವಾಸದ ಅನುಮತಿಗೂ ಪೌರತ್ವಕ್ಕೂ ಇದೇ ಪರೀಕ್ಷೆ. ಒಮ್ಮೆ ಪಾಸಾದರೆ ಎರಡಕ್ಕೂ ಸಾಕು. ಹಾಗಾಗಿ ಪೌರತ್ವಕ್ಕೆ ಅವಸರ ಮಾಡಬೇಡ. ಕಾಮನ್‌ವೆಲ್ತ್ ದೇಶದವಳಾದ್ದರಿಂದ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನೀನು ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಬ್ರಿಟಿಷ್ ಪ್ರಜೆಯಾದರೆ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಸಿಕ್ಕರೂ ಇಲ್ಲಿ ಮತವಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಅರ್ಜಿಗೆ ಮೊದಲು ಅಪ್ಪ ಅಮ್ಮನ ಜೊತೆ ಕೂತು ಇದನ್ನೆಲ್ಲ ಮಾತಾಡು. ಅಲ್ಲಿಯವರೆಗೆ, ಪಾಸಾದಾಗ ಕೊಡುವ ಸಂಖ್ಯೆಯನ್ನು ಜೋಪಾನವಾಗಿ ಬರೆದಿಟ್ಟುಕೊ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ